ನಿಂತರೆ ಎರಡು ಗೀಟು

ಕೇಲಾ ಸತ್ತದ್ದು ಗುರುವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ,
ದುರ್ಗಿಗುಡಿಯ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ,
ಬಿಲ್ ಪುಸ್ತಕಕ್ಕೆ ಒರಗಿಸಿಟ್ಟ ನನ್ನ ಫೋನಿನೊಳಗೆ.
ಅದೇ ಹೊತ್ತಿಗೆ ಒಬ್ಬರು ಬಂದು
ಮಗುವಿನ ಜ್ವರಕ್ಕೆ ಸಿರಪ್ ಕೇಳಿದರು.
ಕೊಟ್ಟೆ. ಚಿಲ್ಲರೆ ಎರಡೆರಡು ಸಲ ಎಣಿಸಿದೆ.
"ಯಾಕಮ್ಮ, ಕಣ್ಣು ಕೆಂಪಾಗಿದೆ?" ಅಂದರು.
ಏನು ಹೇಳಲಿ, ನಮ್ಮವಳೊಬ್ಬಳು
ಹಡಗಿನ ಹೊರಗೇ ಉಳಿದುಹೋದಳು ಅಂತಲೇ?

ನಾಲ್ಕು ಸೀಸನ್ನು, ನಲವತ್ತೊಂದು ಕಂತು.
'ಏಳನೇ ಕಕ್ಷೆ'ಯಲ್ಲಿ ಕನ್ನಡಕ್ಕೆ ಬಂದವರೆಲ್ಲ
ತಾಮ್ರಪಟ ಓದುವವರ ಹಾಗೆ ಮಾತಾಡುತ್ತಾರೆ:
"ನಾಯಕರೇ, ಆಮ್ಲಜನಕವು ಕ್ಷೀಣಿಸುತ್ತಿದೆ!"
ಕೇಲಾ ಒಬ್ಬಳೇ,
ಆ ಡಬ್ಬಿಂಗ್ ಹುಡುಗಿ ಯಾವ ಊರಿನವಳೋ,
ತಂತಿ ಹಲ್ಲಲ್ಲಿ ಕಚ್ಚಿಕೊಂಡು
"ಥೋ, ಈ ಪಂಪಿನ ಹಣೆಬರಹವೇ ಇಷ್ಟು ಮಾರಾಯ್ರೇ" ಅನ್ನುವಳು.
ತೀರ್ಥಹಳ್ಳಿಯವಳು ಅಂತ ನಾನು,
ಅಲ್ಲ, ಕೊಪ್ಪದವಳು ಅಂತ ಫಿಲ್ಲಿ.
ಎರಡು ವರ್ಷದ ಜಗಳ.

ಫಿಲ್ಲಿ ಅಂದರೆ ಫಿಲೋಮಿನಾ, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ.
ಈಗ ನಿಟ್ಟೂರಿನ ಆಚೆ, ಎರಡು ಕೋಣೆಯ ಆಸ್ಪತ್ರೆಗೆ ನರ್ಸು.
ಅಲ್ಲಿ ನೆಟ್‌ವರ್ಕು ಅನ್ನುವುದು ದೇವರ ಹಾಗೆ:
ಇದೆ, ಆದರೆ ಗುಡ್ಡ ಹತ್ತಬೇಕು.
ಶಾಲೆಯ ಹಿಂದಿನ ಬೋಳುಗುಡ್ಡದ ನೆತ್ತಿಗೆ
ಒಂದು ಚಪ್ಪಟೆ ಬಂಡೆ.
ಕೂತರೆ ಒಂದು ಗೀಟು, ನಿಂತರೆ ಎರಡು.
ವಾರಕ್ಕೊಂದು ರಜೆ, ಭಾನುವಾರ.
ನಿಂತೇ ನೋಡುತ್ತಾಳೆ ಐವತ್ತೆರಡು ನಿಮಿಷ.

ಹಾಗಾಗಿ ಶುಕ್ರವಾರ ಅಲ್ಲಿ ಕೇಲಾ ಬದುಕಿದ್ದಳು.
ಶನಿವಾರವೂ.
ಮಧ್ಯಾಹ್ನ ಆಸ್ಪತ್ರೆಯ ಲ್ಯಾಂಡ್‌ಲೈನಿಂದ ಫೋನು:
"ಹೇಳ್ಬೇಡ. ಬಾಯಿ ಬಿಟ್ರೆ ಕೊಂದೇಬಿಡ್ತೀನಿ.
ಒಂದೇ ಹೇಳು, ನಗು ಬರತ್ತಾ?"
ಮೂವತ್ತೆಂಟನೇ ನಿಮಿಷದವರೆಗೆ, ಅಂದೆ.
ಅಂದದ್ದೇ ತಪ್ಪಾಯಿತು.
ಆ ಕಡೆ ಗೋಡೆ ಗಡಿಯಾರ. ಯಾರೋ ಕೆಮ್ಮಿದರು.
"ಬಂದೆ, ಬಂದೆ" ಅಂದು ಇಟ್ಟುಬಿಟ್ಟಳು.

ಭೂಮಿಯ ಸುದ್ದಿ ಹಡಗಿಗೆ ಮುಟ್ಟಲು ಹನ್ನೊಂದು ವರ್ಷ
ಎಂದಾಗ, ಎರಡನೇ ಸೀಸನ್ನಿನಲ್ಲಿ, ಬುರುಡೆ ಅಂತ ನಕ್ಕಿದ್ದೆ.
ಶಿವಮೊಗ್ಗದಿಂದ ಆ ಬಂಡೆಗೆ ಮೂರು ದಿನ.
ತುಂಬಿದ ಕೊಡ ತುಳುಕುವುದಿಲ್ಲ ಅಂದವರು
ಮೂರು ದಿನ ಹೊತ್ತು ನೋಡಿರಲಿಕ್ಕಿಲ್ಲ.
ತಡೆಯಲಾರದೆ ಅಂಗಡಿಯ ಕಾಮತರಿಗೆ ಹೇಳಿದೆ:
ಒಂದು ಗ್ಯಾಸ್ಕೆಟ್ಟು ಸರ್, ಸವೆದಿತ್ತು,
ಮೊದಲಿಂದ ಹೇಳುತ್ತಿದ್ದಳು ಬದಲಾಯಿಸಿ ಅಂತ, ಯಾರೂ ಕೇಳಲಿಲ್ಲ.
"ಛೆ. ನೆಂಟರಾ?"
ಹೌದು ಅಂದೆ.
"ಹಾಗಾದ್ರೆ ನಾಳೆ ಬರ್ಬೇಡ."

ನಾಲ್ಕೂವರೆ. ಈಗ ಶಾಲೆಯ ಗೇಟು ದಾಟಿರುತ್ತಾಳೆ.
ಐದಕ್ಕೆ ಹತ್ತು ನಿಮಿಷ. ಬಂಡೆ.
ವಿನೋಬನಗರದ ಕೋಣೆಯಲ್ಲಿ ನಾನು
ಒಗೆದ ಬಟ್ಟೆಯ ರಾಶಿಯ ಪಕ್ಕ,
ಒಂದು ದುಪಟ್ಟಾವನ್ನೇ ಮಡಚಿ, ಬಿಚ್ಚಿ, ಮಡಚಿ.

ಐದೂ ಮೂವತ್ತೊಂದಕ್ಕೆ ಬಂತು:
"ಮೂವತ್ತೇಳಕ್ಕೆ ನಿಲ್ಸಿದೀನಿ.
ತಂತಿ ಬಾಯಲ್ಲಿಟ್ಕೊಂಡು ನಗ್ತಿದಾಳೆ.
ನಾನು ಇಳೀತೀನಿ.
ಈ ವಾರಕ್ಕೆ ಒಂದು ಸಾಕಾಯ್ತು ಕಣೇ."

ಯಾರು? ಅಂತ ಬರೆದೆ.
ಅಷ್ಟರಲ್ಲಿ ಇಳಿದಿದ್ದಾಳೆ, ಗೀಟಿಲ್ಲದ ಕಡೆಗೆ.
ನಾನೂ ಬೆರಳಲ್ಲಿ ಹಿಂದಕ್ಕೆ ಎಳೆದು ಮೂವತ್ತೇಳಕ್ಕೆ ನಿಲ್ಲಿಸಿದೆ.
ಶನಿವಾರ ಕೆಮ್ಮಿದ್ದು ಗಂಡಸೋ ಹೆಂಗಸೋ
ನೆನಪು ಮಾಡಿಕೊಳ್ಳಲು ನೋಡಿದೆ.

ದೀಪ ಹಾಕುವ ಹೊತ್ತು ಮೀರಿತು.
ಟಿಕ್ಕು ಇನ್ನೂ ಒಂದೇ.